ಎಣಿಸದೆ ಬಿಟ್ಟ ತಲೆ

ಶಾಲೆಯ ಬಸ್ಸಿನ ಆಯಾ ಕೆಲಸಕ್ಕೆ ಸೇರಿದ ಮೊದಲ ವಾರವೇ ಮಕ್ಕಳು ಅವಳಿಗೆ ಲೆಕ್ಕದಕ್ಕ ಎಂದು ಹೆಸರಿಟ್ಟರು. ಹತ್ತುವಾಗ ಒಬ್ಬೊಬ್ಬರ ತಲೆಯ ಮೇಲೂ ಅಂಗೈ ತಟ್ಟಿ ಗಟ್ಟಿಯಾಗಿ ಎಣಿಸುತ್ತಾಳೆ. ಇಳಿಯುವಾಗ ಮತ್ತೆ ತಟ್ಟುತ್ತಾಳೆ. ಎರಡೂ ಹೊಂದಿದರೆ "ಲೆಕ್ಕ ಸರಿ" ಎನ್ನುತ್ತಾಳೆ. ಆ ಮಾತು ಕಿವಿಗೆ ಬೀಳುವವರೆಗೆ ಡ್ರೈವರ್ ಗೇರು ಹಾಕುವಂತಿಲ್ಲ. ದೊಡ್ಡ ಕ್ಲಾಸಿನ ಹುಡುಗರಿಗೆ ಇದು ಮಹಾ ಅವಮಾನ, ನೀರು ಹಚ್ಚಿ ಬಾಚಿದ ಕ್ರಾಪು ಕೆಡುತ್ತದೆ. ತಲೆ ತಪ್ಪಿಸಿಕೊಳ್ಳಲು ಹೋದವರಿಗೆ ಎರಡೇಟು ಬೀಳುತ್ತದೆ.

ಹೊಸದರಲ್ಲಿ ಡ್ರೈವರ್ ಅವಳ ಜೊತೆ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದ. ಒಂದು ಬೆಳಗ್ಗೆ ಶಾಲೆಯ ಗೇಟಿನ ಮುಂದೆ ಎಲ್ಲರೂ ಇಳಿದ ಮೇಲೆ ಒಂದು ತಲೆ ಕಡಿಮೆ ಬಂತು.

"ಯಾವನೋ ಇವತ್ತು ಹತ್ತೇ ಇಲ್ಲ ಬಿಡಿ," ಎಂದ ಡ್ರೈವರ್.

"ಹತ್ತಿಸಿದ್ದು ನಾನು," ಎಂದಳು ಲೆಕ್ಕದಕ್ಕ.

ಕೊನೆಯ ಸೀಟಿನ ಕೆಳಗೆ ಒಂದನೇ ಕ್ಲಾಸಿನ ಹುಡುಗನೊಬ್ಬ ಚೀಲವನ್ನೇ ತಲೆದಿಂಬು ಮಾಡಿಕೊಂಡು ಸುಖವಾಗಿ ನಿದ್ದೆ ಹೊಡೆಯುತ್ತಿದ್ದ. ಬಸ್ಸು ಅಲ್ಲಿಂದ ಶೆಡ್ಡಿಗೆ ಹೋಗಿ ಮಧ್ಯಾಹ್ನದ ತನಕ ಬಿಸಿಲಲ್ಲಿ ಬಾಗಿಲು ಹಾಕಿಕೊಂಡು ನಿಲ್ಲುವುದಿತ್ತು. ಡ್ರೈವರ್ ಅಂದಿನಿಂದ ತುಟಿ ಪಿಟಕ್ಕೆನ್ನಲಿಲ್ಲ. ಈಗ ಅವಳು ರಜೆ ಹಾಕಿದ ದಿನ ತಾನೇ ಇಳಿದು ಎಣಿಸುತ್ತಾನೆ, ಅದೂ ತಪ್ಪುತಪ್ಪಾಗಿ.

ಹತ್ತುವಾಗ ಎಣಿಸಿದ ತಲೆ ಇಳಿಯುವಾಗ ಕೈಗೆ ಸಿಗಲೇಬೇಕು, ಇಷ್ಟೇ ಅವಳ ಕಾನೂನು. ಎಣಿಸಿದ್ದು ಅವಳ ಜವಾಬ್ದಾರಿ. ಎಣಿಸದ್ದು ಯಾರದಾದರೂ ಆಗಿರಲಿ, ಅವಳದಲ್ಲ.

ಈ ಕಾನೂನನ್ನು ಅವಳು ಬಸ್ಸಿನಲ್ಲಿ ಕಲಿತದ್ದಲ್ಲ, ಅಕ್ಕನಿಂದ ಕಲಿತದ್ದು. ತಾಯಿ ತೀರಿಕೊಂಡಾಗ ಅಕ್ಕನಿಗೆ ಇನ್ನೂ ಜಡೆ ಹೆಣೆದುಕೊಂಡು ಓಡಾಡುವ ವಯಸ್ಸು. ತಮ್ಮಂದಿರಿಬ್ಬರನ್ನೂ ಈ ತಂಗಿಯನ್ನೂ ಶಾಲೆಗೆ ಬಿಡಲು ಒಂದು ದೊಡ್ಡ ರಸ್ತೆ ದಾಟಬೇಕಿತ್ತು. ಈಚೆ ದಡದಲ್ಲಿ ನಿಲ್ಲಿಸಿ ತಲೆ ತಟ್ಟಿ ಎಣಿಸುವುದು, ಆಚೆ ಮುಟ್ಟಿದ ಮೇಲೆ ಮತ್ತೆ ತಟ್ಟುವುದು. ಬಲಗೈ ಹತ್ತಿರ ಯಾವಾಗಲೂ ಚಿಕ್ಕವಳೇ ಇರುತ್ತಿದ್ದುದರಿಂದ ಲೆಕ್ಕ ತಂಗಿಯ ತಲೆಯಿಂದಲೇ ಶುರುವಾಗುತ್ತಿತ್ತು. ತಮ್ಮಂದಿರು ಬೆಳೆದು ತಮ್ಮ ತಮ್ಮ ದಾರಿ ಹಿಡಿದರು. ಅಕ್ಕ ಲಾಂಡ್ರಿಯೊಂದರಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿ, ತಂಗಿಯನ್ನು ಓದಿಸಿ, ಮದುವೆ ಮಾಡಿ, ಆಮೇಲೆ ತಾನು ಮದುವೆಯಾದಳು. ತಡವಾಗಿತ್ತು. ಮಕ್ಕಳಾಗಲಿಲ್ಲ. ಯಾವ ಡಾಕ್ಟರ ಬಳಿ ಹೋದರು, ಎಷ್ಟು ಅಲೆದರು ಎನ್ನುವುದನ್ನು ಅಕ್ಕನೂ ಭಾವನೂ ಯಾರ ಮುಂದೆಯೂ ಆಡಿದವರಲ್ಲ. ಒಂದು ಹಂತದಲ್ಲಿ ಅಲೆಯುವುದನ್ನು ಬಿಟ್ಟರು, ಅಷ್ಟು ಮಾತ್ರ ಎಲ್ಲರಿಗೂ ಗೊತ್ತು.

ತಂಗಿಗೆ ಎರಡನೆಯದು ಗಂಡಾದಾಗ ಬಾಣಂತನಕ್ಕೆ ಅಕ್ಕನೇ ಬಂದಿದ್ದಳು. ಕೂಸಿಗೆ ಸ್ನಾನ ಮಾಡಿಸಿ, ಸುತ್ತಿ, ಮಲಗಿಸಿ, ಬಟ್ಟೆಗಳನ್ನು ಒಗೆದು ಅಂಚಿಗೆ ಅಂಚು ಕೂಡಿಸಿ ಮಡಿಸಿ, ಹೊರಡುವ ದಿನ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಂಡವಳು ಹಾಗೇ ನಿಂತುಬಿಟ್ಟಳು. ಕೂಸನ್ನು ಕೆಳಗಿಡಲು ಅವಳ ಕೈ ಬರಲಿಲ್ಲ. ಅದನ್ನು ನೋಡಲಾರದೆ ತಂಗಿ ಹೇಳಿಬಿಟ್ಟಳು:

"ಇನ್ನೊಂದಾದ್ರೆ ಅದು ನಿನ್ನದೇ ಅಕ್ಕಾ."

ಅಕ್ಕ ಕೂಸನ್ನು ಕೊಟ್ಟು ಹೊರಟುಹೋದಳು. ಆಡಿದ ಮಾತು ಆ ಬಾಗಿಲಲ್ಲೇ ಉಳಿಯಿತು. ಮೂರನೆಯದು ಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. ಆದರೆ ಬಂತು. ತಂಗಿ ಫೋನಿನಲ್ಲಿ ಸುದ್ದಿ ಹೇಳಿದಾಗ ಆ ಕಡೆ ಅಕ್ಕ ಇಸ್ತ್ರಿ ಯಂತ್ರ ನಿಲ್ಲಿಸಿದ್ದು ಕೇಳಿಸಿತು.

"ನಿಜಾನಾ?" ಎಂದಳು ಅಕ್ಕ. ಆಮೇಲೆ, "ಊಟ ಮಾಡಿದ್ಯಾ?"

ಅಲ್ಲಿಂದ ದಿನಾ ಫೋನು. ಊಟ ಆಯ್ತಾ, ಕಾಲು ಊದಿದ್ಯಾ, ಬಸ್ಸಿನ ಮೆಟ್ಟಿಲು ನೋಡಿ ಹತ್ತು. ಎಲ್ಲ ಮಾತಾಡುತ್ತಿದ್ದರು, ಅದೊಂದನ್ನು ಬಿಟ್ಟು. ಏಳನೇ ತಿಂಗಳು ಮುಗಿಯುವುದರೊಳಗೆ ತಂಗಿ ವಿಮಾನದಲ್ಲಿ ಅಕ್ಕನ ಊರಿಗೆ ಹೋಗುವುದು, ಹೆರಿಗೆ ಅಲ್ಲೇ ಆಗುವುದು, ಹೊತ್ತಿಗೆ ಸರಿಯಾಗಿ ಗಂಡ ಬರುವುದು, ಚೇತರಿಸಿಕೊಂಡ ಮೇಲೆ ಎರಡು ಮಕ್ಕಳೊಂದಿಗೆ ಹಿಂತಿರುಗುವುದು ಎಂದು ತೀರ್ಮಾನವಾಯಿತು. ಎರಡು ಮಕ್ಕಳೊಂದಿಗೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಭಾವ ತೊಟ್ಟಿಲಿಗೆ ಬಣ್ಣ ಬಳಿಯುತ್ತಿದ್ದಾನೆ ಎಂದು ಅಕ್ಕ ಹೇಳಿದ ದಿನ ಎಲ್ಲರಿಗೂ ಅರ್ಥವಾಗಿತ್ತು.

ಗಂಡ ಲಿಫ್ಟು ರಿಪೇರಿಯವನು. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ಮೇಲೆ ಕೆಳಗೆ ಓಡಿಸಬಲ್ಲ. ಆದರೆ ಮನೆಯಲ್ಲಿ ಅವನದು ಅಡ್ಡಗೋಡೆಯ ಮೇಲೆ ದೀಪ ಇಡುವ ಸ್ವಭಾವ.

"ಮಾತು ಕೊಟ್ಟವಳು ನೀನು," ಎಂದ. "ಇಟ್ಕೊಳ್ಳೋಣ ಅಂದ್ರೂ ಸರಿ, ಕೊಡೋಣ ಅಂದ್ರೂ ಸರಿ. ನೀನು ಹೇಳಿದ ಹಾಗೆ."

ಇದನ್ನು ಒಳ್ಳೆಯತನ ಎನ್ನುವವರಿದ್ದಾರೆ. ನನಗೇನೋ ಇದು ಜಾರಿಕೊಳ್ಳುವ ಉಪಾಯವಾಗಿ ಕಾಣುತ್ತದೆ. ಇರಲಿ, ಅವನ ಸಂಸಾರ.

ಲೆಕ್ಕದಕ್ಕ ಮಾತ್ರ ತನ್ನೊಳಗೇ ಒಂದು ನಿರ್ಧಾರ ಮಾಡಿಕೊಂಡಳು. ಹೊಟ್ಟೆಯಲ್ಲಿರುವುದನ್ನು ಎಣಿಸಬಾರದು. ಎಣಿಸಿದರೆ ಮುಗಿಯಿತು, ಇಳಿಯುವಾಗ ಕೈಗೆ ಸಿಗದಿದ್ದರೆ ಅವಳು ಬದುಕಲಾರಳು. ಹಾಗಾಗಿ ಮನೆಯಿಂದ ಹೊರಡುವಾಗ, ಪಾರ್ಕಿಗೆ ಹೋಗುವಾಗ, ಅಂಗಡಿಯಿಂದ ಬರುವಾಗ, ಆರು ವರ್ಷದ ಮಗಳ ತಲೆ ತಟ್ಟಿ ಒಂದು, ಮೂರು ತುಂಬಲಿರುವ ಮಗನ ತಲೆ ತಟ್ಟಿ ಎರಡು, ಲೆಕ್ಕ ಸರಿ.

ಹೊರಡುವ ದಿನ ಗಂಡ ವಿಮಾನ ನಿಲ್ದಾಣದ ಬಾಗಿಲ ತನಕ ಬಂದು ಬಿಟ್ಟುಹೋದ. ಅಲ್ಲಿಂದ ಮುಂದೆ ಒಂದು ದೊಡ್ಡ ಹೊಟ್ಟೆ, ಎರಡು ಚೀಲ, ಎರಡು ಮಕ್ಕಳು. ಬಸುರಿಗೆ ಬುದ್ಧಿ ಹೇಳಲು ಲೋಕದಲ್ಲಿ ಯಾರಿಗೂ ಯಾರ ಅಪ್ಪಣೆಯೂ ಬೇಕಿಲ್ಲ. ಸಾಲಿನಲ್ಲಿ ಹಿಂದೆ ನಿಂತವರು "ಈ ಸ್ಥಿತಿಯಲ್ಲಿ ಯಾಕಮ್ಮ ಹೊರಟ್ರಿ?" ಎಂದರು. ಮುಂದೆ ನಿಂತವರು "ಜೊತೆಗೆ ಗಂಡಸರು ಯಾರೂ ಇಲ್ವಾ?" ಎಂದರು. ಚೀಲ ಎತ್ತಿಕೊಡಲು ಮಾತ್ರ ಇಬ್ಬರ ಕೈಯೂ ಮುಂದೆ ಬರಲಿಲ್ಲ. ಟಿಕೆಟ್ ನೋಡುವ ಹುಡುಗಿ ಡಾಕ್ಟರ ಚೀಟಿ ಓದಿ, ಹೊಟ್ಟೆ ನೋಡಿ, ಮತ್ತೆ ಚೀಟಿ ಓದಿ, ಗಾಲಿಕುರ್ಚಿ ತರಿಸಲೇ ಎಂದು ಕೇಳಿದಳು.

"ನಾನು ಕೂತ್ಕೊಂಡ್ರೆ ಇವರ ಹಿಂದೆ ಓಡೋರು ಯಾರಮ್ಮ?" ಎಂದಳು ಲೆಕ್ಕದಕ್ಕ.

ತಪಾಸಣೆಯಲ್ಲಿ ಮಗನ ಜೇಬಿನಿಂದ ಲಿಫ್ಟಿನ ಹಳೆಯ ಗುಂಡಿಯೊಂದು ಸಿಕ್ಕಿತು. ಅಪ್ಪ ತಂದುಕೊಟ್ಟದ್ದು. ಅವನು ಅದನ್ನು ಜೀವಕ್ಕಿಂತ ಹೆಚ್ಚಾಗಿ ಇಟ್ಟುಕೊಂಡಿದ್ದ. ಸಮವಸ್ತ್ರದವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುವಷ್ಟರಲ್ಲಿ ಅವನು ನೆಲಕ್ಕೆ ಬಿದ್ದು ನಿಲ್ದಾಣವೇ ಹಾರಿಹೋಗುವಂತೆ ಕಿರುಚಿದ. ಗುಂಡಿ ವಾಪಸು ಬಂತು. ಸಾಲು ಬೇಗ ಬೇಗ ಸರಿಯಿತು. ತಪಾಸಣೆ ದಾಟಿದ ಮೇಲೆ ಒಂದು, ಎರಡು. ವಿಮಾನದ ಬಾಗಿಲಲ್ಲಿ ಒಂದು, ಎರಡು. ಸೀಟಿನಲ್ಲಿ ಕೂರಿಸಿ, ಪಟ್ಟಿ ಕಟ್ಟಿ ಮತ್ತೆ ಒಂದು, ಎರಡು.

ಅವಳ ಪಟ್ಟಿ ಸಾಲಲಿಲ್ಲ. ಗಗನಸಖಿ ಇನ್ನೊಂದು ತುಂಡು ತಂದು ಜೋಡಿಸಿ, ಹೊಟ್ಟೆಯ ಕೆಳಗೆ ಬರುವಂತೆ ಕಟ್ಟಿಕೊಟ್ಟಳು. ಕಟ್ಟುತ್ತಲೇ ಸುಮ್ಮನೆ ಮಾತಿಗೆ ಕೇಳಿದಳು: "ಎಷ್ಟು ಮಕ್ಕಳು ನಿಮಗೆ?"

"ಎರಡು."

"ಮೂರು," ಎಂದಳು ಕಿಟಕಿಯ ಬಳಿ ಕೂತಿದ್ದ ಮಗಳು. "ಒಂದು ಒಳಗಿದೆ."

"ಸುಮ್ನೆ ಕೂತ್ಕೋ."

ದನಿ ಬೇಕಾದ್ದಕ್ಕಿಂತ ಜೋರಾಯಿತು. ಗಗನಸಖಿ ಮುಗುಳ್ನಕ್ಕು ಮುಂದಕ್ಕೆ ಹೋದಳು. ಮಗಳು ಮುಖ ಊದಿಸಿಕೊಂಡು ಕಿಟಕಿಗೆ ತಿರುಗಿದಳು. ವಿಮಾನ ಏರಿತು. ಮಗನ ಕಿವಿ ಕಟ್ಟಿ ಅವನು ಅತ್ತ, ಬಾಯಿಗೆ ಸಕ್ಕರೆಯ ಗಟ್ಟಿ ಮಿಠಾಯಿ ಕೊಟ್ಟ ಮೇಲೆ ಅದನ್ನು ಚೀಪುತ್ತ ಅತ್ತ, ಮಿಠಾಯಿ ಮುಗಿದಾಗ ಅಳುವೂ ಮುಗಿಯಿತು. ಆಮೇಲೆ ಮೂವರೂ ಶೌಚಾಲಯಕ್ಕೆ ಹೋಗಬೇಕಾಯಿತು. ಒಬ್ಬರು ಹೋಗಿ ಇಬ್ಬರು ಹೊರಗೆ ನಿಲ್ಲುವ ಹಾಗಿಲ್ಲ. ನಿಂತವರಲ್ಲಿ ಒಬ್ಬ ವಿಮಾನದ ಎಲ್ಲ ಗುಂಡಿಗಳನ್ನೂ ಒತ್ತಿ ನೋಡುವವನು. ಹಾಗಾಗಿ ಬೀರುವಿನಷ್ಟು ಅಗಲದ ಆ ಗೂಡಿಗೆ ಮೂವರೂ ನುಗ್ಗಿದರು. ಹೊಟ್ಟೆ ಒಂದು ಕಡೆ ತಿರುಗಿದರೆ ಮಕ್ಕಳು ಗೋಡೆಗೆ ಅಂಟಿಕೊಳ್ಳಬೇಕು. ಮಗ ನೀರು ಬಿಡುವ ಗುಂಡಿ ಒತ್ತಿದ, ಆ ಸದ್ದಿಗೆ ಹೆದರಿ ಅಮ್ಮನ ಮೊಣಕಾಲು ತಬ್ಬಿಕೊಂಡ, ಹೆದರಿಕೆ ಇಳಿದ ಮೇಲೆ ಇನ್ನೊಮ್ಮೆ ಒತ್ತಿದ. ಹೊರಗೆ ಬಂದಾಗ ಬಾಗಿಲಲ್ಲಿ ಉದ್ದದ ಸಾಲು ಇತ್ತು. ಲೆಕ್ಕದಕ್ಕ ಯಾರ ಮುಖವನ್ನೂ ನೋಡದೆ ಒಂದು, ಎರಡು ಎಂದುಕೊಂಡು ಸೀಟಿಗೆ ಮರಳಿದಳು.

ಮಗ ಗುಂಡಿ ಹಿಡಿದುಕೊಂಡೇ ನಿದ್ದೆ ಹೋದ. ಹೊಟ್ಟೆಯೊಳಗಿನದು ಅದೇ ಹೊತ್ತು ನೋಡಿಕೊಂಡು ಒದೆಯತೊಡಗಿತು. ಕಾಲು ಎಲ್ಲಿದೆ, ತಲೆ ಎಲ್ಲಿದೆ ಎಂದು ಅವಳಿಗೆ ಕೈಯಿಡದೆಯೇ ತಿಳಿಯುತ್ತಿತ್ತು. ಅವಳು ಎರಡೂ ಕೈಗಳನ್ನು ಕುರ್ಚಿಯ ತೋಳಿನ ಮೇಲೆ ಇಟ್ಟುಕೊಂಡಳು.

ಮುನಿಸು ಕರಗಿದ ಮಗಳು ಕೇಳಿದಳು: "ಅಮ್ಮಾ, ಒಳಗಿರೋದನ್ನ ಯಾಕೆ ಎಣಿಸಲ್ಲ?"

"ಅದು ಎಲ್ಲಿಗೂ ಹೋಗಲ್ಲ. ಅದಕ್ಕೆ."

"ಬಸ್ಸಲ್ಲಿ ಸೀಟಿನ ಕೆಳಗಿದ್ದವನೂ ಎಲ್ಲಿಗೂ ಹೋಗಿರಲಿಲ್ಲ. ಅವನನ್ನ ಎಣಿಸಿದ್ದೆ."

"ಅವನು ಹತ್ತಿದ್ದನ್ನ ನಾನು ನೋಡಿದ್ದೆ ಕಣೇ."

"ಇದು ಹತ್ತಿದ್ದು ನೋಡಿಲ್ವಾ?"

ಲೆಕ್ಕದಕ್ಕ ಬಿಸ್ಕತ್ತು ಪೊಟ್ಟಣ ಬಿಚ್ಚಿ ಮಗಳ ಕೈಗೆ ಕೊಟ್ಟಳು. ಮೊದಲ ಬಾರಿಗೆ ಅವಳಿಗೆ ಭಯವಾಯಿತು. ಹೆರಿಗೆಯ ಭಯವಲ್ಲ, ಅದನ್ನು ಎರಡು ಸಲ ಕಂಡಿದ್ದಾಳೆ. ಹಿಂತಿರುಗುವ ವಿಮಾನದಲ್ಲಿ ಇದೇ ಮಗಳು ಇದೇ ಕಿಟಕಿಯ ಬಳಿ ಕೂತು ಲೆಕ್ಕ ಕೇಳುತ್ತಾಳಲ್ಲ ಎಂಬ ಭಯ. ಅದರ ಬೆನ್ನಿಗೇ ಅಕ್ಕನ ಮುಖ ಕಣ್ಣ ಮುಂದೆ ಬಂತು. ತನಗೆ ಜ್ವರ ಬಂದಾಗ ಕೆಲಸ ಬಿಟ್ಟು ಪಕ್ಕದಲ್ಲಿ ಕೂತವಳು, ತಂಗಿಯ ಸಲುವಾಗಿ ಸ್ವಂತ ಮದುವೆಯನ್ನೇ ಹಿಂದೆ ಹಾಕಿದವಳು. ಅವಳಿಗೆ ಕೊಡಬೇಕೆಂಬ ಆಸೆ ಸುಳ್ಳಲ್ಲ. ಆವತ್ತು ಬಾಗಿಲಲ್ಲಿ ಆಡಿದ ಮಾತೂ ಸುಳ್ಳಲ್ಲ. ಕೊಡಬೇಕು, ಕೊಟ್ಟೇ ಬಿಡಬೇಕು ಎಂದು ಹಲ್ಲು ಕಚ್ಚಿಕೊಂಡು ಅವಳು ಇಳಿಯುವ ತನಕ ಕೂತಿದ್ದಳು.

ಹೊರಬಾಗಿಲಲ್ಲಿ ಅಕ್ಕನೂ ಭಾವನೂ ಕಾಯುತ್ತಿದ್ದರು. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟಿದ್ದಳು, ಭಾವನಿಗೂ ತೊಡಿಸಿದ್ದಳು. ಭಾವ ಅದೇ ಲಾಂಡ್ರಿಯ ವ್ಯಾನು ಓಡಿಸುವವನು, ಮಾತು ಕಡಿಮೆ. ಅಕ್ಕ ತಂಗಿಯ ಮುಖ ನೋಡಿದಳು, ಹೊಟ್ಟೆ ನೋಡಿದಳು, ಕಣ್ಣು ತುಂಬಿಕೊಂಡಳು.

"ಎಷ್ಟು ಇಳಿದುಹೋಗಿದ್ದೀಯಲ್ಲೇ."

"ಎಲ್ಲಿ ಇಳಿದಿದ್ದೀನಿ ಅಕ್ಕಾ, ಬಾಗಿಲು ತುಂಬ ಬಂದಿದ್ದೀನಿ."

ಅಕ್ಕ ನಕ್ಕು ಅವಳನ್ನು ತಬ್ಬಿಕೊಂಡಳು, ಹೊಟ್ಟೆ ಅಡ್ಡ ಬಂದು ಪಕ್ಕದಿಂದ ತಬ್ಬಿಕೊಂಡಳು. ತಬ್ಬಿ ಬಿಡುವಷ್ಟರಲ್ಲಿ ಮಗ ಇರಲಿಲ್ಲ.

ಲೆಕ್ಕದಕ್ಕ ಕಿರುಚಲಿಲ್ಲ. ಮಗಳನ್ನು ಎಳೆದು ಕಂಬವೊಂದಕ್ಕೆ ಆನಿಸಿ ನಿಲ್ಲಿಸಿದಳು. "ಈ ಕಂಬ ಬಿಟ್ಟು ಅಲ್ಲಾಡಬೇಡ." ಭಾವ ರಸ್ತೆಯ ಕಡೆಗೆ ಓಡಿದ. ಅಕ್ಕ ನಿಂತಲ್ಲೇ ಹೆಸರು ಹಿಡಿದು ಕೂಗತೊಡಗಿದಳು. ಲೆಕ್ಕದಕ್ಕ ಸುತ್ತ ಒಮ್ಮೆ ಕಣ್ಣು ಹಾಯಿಸಿ, ಲಿಫ್ಟು ಎಲ್ಲಿದೆ ಎಂದು ಹುಡುಕಿ, ಹೊಟ್ಟೆ ಹೊತ್ತುಕೊಂಡು ಅತ್ತ ಓಡಿದಳು. ಬಾಗಿಲು ಮುಚ್ಚಿತ್ತು. ಮೇಲಿನ ಅಂಕಿ ಬೆಳಗುತ್ತಿತ್ತು. ಅವಳು ಗುಂಡಿ ಒತ್ತಿ ನಿಂತಳು. ಜೀವ ಬಾಯಿಗೆ ಬರುವುದು ಎಂದರೇನೆಂದು ಆಗ ಗೊತ್ತಾಯಿತು ಎಂದು ಅವಳೇ ಆಮೇಲೆ ಹೇಳಿದಳು. ಅಕ್ಕ ಮಗಳ ಕೈಹಿಡಿದುಕೊಂಡು ಹಿಂದೆಯೇ ಬಂದು ನಿಂತಳು. ಅಂಕಿ ಇಳಿಯಿತು. ಬಾಗಿಲು ತೆರೆಯಿತು. ನೆಲ ಒರೆಸುವ ಹೆಂಗಸೊಬ್ಬಳ ಬಕೆಟಿನ ಪಕ್ಕದಲ್ಲಿ ಮಗ ನಿಂತಿದ್ದ.

"ಮೇಲೆ ಹೋಗಿ ಬಂದೆ," ಎಂದ.

"ಎಲ್ಲಾ ಗುಂಡಿ ಒತ್ತಿದಾನಮ್ಮ," ಎಂದಳು ಆ ಹೆಂಗಸು.

ಲೆಕ್ಕದಕ್ಕ ಅವನನ್ನು ಹೊರಗೆಳೆದಳು. ಮಗಳ ತಲೆ ತಟ್ಟಿದಳು. "ಒಂದು." ಮಗನ ತಲೆ ತಟ್ಟಿದಳು, ಸ್ವಲ್ಪ ಜೋರಾಗಿಯೇ. "ಎರಡು." ಅದೇ ಅಂಗೈ ತಾನಾಗಿ ಹೊಟ್ಟೆಗೆ ಬಂದು ಬಿತ್ತು. "ಮೂರು. ಲೆಕ್ಕ ಸರಿ."

ಬಸ್ಸಿನಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಹೇಳಿದ್ದಳು. ಹೇಳಿದ ಮೇಲೆ ಅವಳಿಗೆ ಕೇಳಿಸಿತು. ತಲೆ ಎತ್ತಿದರೆ ಒಂದು ಕೈಯಳತೆಯ ದೂರದಲ್ಲಿ ಅಕ್ಕ. ಈ ಲೆಕ್ಕದ ಅರ್ಥವೇನೆಂದು ಅಕ್ಕನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕ ಅವಳ ಹೊಟ್ಟೆಯ ಮೇಲಿದ್ದ ಕೈಯನ್ನು ನೋಡಿದಳು. ಆಮೇಲೆ ಬಗ್ಗಿ ಚೀಲ ಎತ್ತಿಕೊಂಡಳು.

"ಬಾ. ವ್ಯಾನು ಹೊರಗಿದೆ."

ವ್ಯಾನಿನಲ್ಲಿ ಸೋಪಿನ ವಾಸನೆ ಇತ್ತು. ಮಗ ಲಿಫ್ಟಿನ ಕಥೆಯನ್ನು ಮತ್ತೆ ಮತ್ತೆ ಹೇಳಿದ, ಭಾವ ಹೂಂ ಹೂಂ ಎಂದ. ಅಕ್ಕ ಮುಂದೆ ಕೂತು ರಸ್ತೆ ನೋಡುತ್ತಿದ್ದಳು.

ಅಕ್ಕನ ಮನೆ ಲಾಂಡ್ರಿಯ ಎದುರಿಗೆ, ರಸ್ತೆಯ ಈಚೆ ಬದಿಯಲ್ಲಿ, ಎರಡು ಕೋಣೆ. ಚಿಕ್ಕ ಕೋಣೆಯಲ್ಲಿ ತೊಟ್ಟಿಲು ಇತ್ತು. ತಿಳಿ ಹಸಿರು ಬಣ್ಣ, ಅಲ್ಲಲ್ಲಿ ಕುಂಚದ ಕೂದಲು ಅಂಟಿಕೊಂಡಿತ್ತು. ಪಕ್ಕದಲ್ಲಿ ಬಟ್ಟೆಗಳ ರಾಶಿ. ಹೋಟೆಲಿನವರು ಹರಿದಿದೆ ಎಂದು ಬಿಸಾಕಿದ ಹಾಸಿಗೆ ಬಟ್ಟೆಗಳ ಒಳ್ಳೆಯ ಭಾಗಗಳನ್ನು ಕತ್ತರಿಸಿ, ಅಂಚು ಹೊಲಿದು, ಅಕ್ಕ ಕೂಸಿಗೆ ಬೇಕಾದ ಅಳತೆಗೆ ಮಾಡಿಟ್ಟಿದ್ದಳು. ಒಂದರ ಮೂಲೆ ಇನ್ನೊಂದರ ಮೂಲೆಯಿಂದ ಕೂದಲೆಳೆಯಷ್ಟೂ ಹೊರಗಿರಲಿಲ್ಲ. ಲೆಕ್ಕದಕ್ಕ ಅದನ್ನು ನೋಡಿ ಬಾಗಿಲಲ್ಲೇ ಕೂತಳು. ಮಕ್ಕಳು ಆಚೆ ಕೋಣೆಯಲ್ಲಿ ಬ್ರೆಡ್ಡು, ಬಾಳೆಹಣ್ಣು ತಿನ್ನುತ್ತಿದ್ದರು.

"ಅಕ್ಕಾ, ಅದು ಬಾಯಿ ತಪ್ಪಿ ಬಂತು."

"ಕೇಳಿಸ್ತು."

"ಕೊಟ್ಟ ಮಾತು ಕೊಟ್ಟಿದ್ದೇ ಅಕ್ಕಾ. ನಾನು ಹಿಂದೆ ತಗೊಳ್ಳಲ್ಲ. ಹುಟ್ಟಿದ ದಿನಾನೇ ನಿನ್ನ ಕೈಗೆ ಹಾಕ್ತೀನಿ."

ಅಕ್ಕ ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ಎಣಿಸಿಬಿಟ್ಟೆಯಲ್ಲ," ಎಂದಳು. "ಎಣಿಸಿದ್ದನ್ನ ಬಿಟ್ಟು ಹೋಗೋಕೆ ನಿನ್ನ ಕೈಲಾಗಲ್ಲ. ಕಲಿಸಿದವಳು ನಾನೇ. ನಂಗೆ ಗೊತ್ತಿಲ್ವಾ?"

"ಅಕ್ಕಾ..."

"ನಂಗೆ ಕೋಪ ಬಂದಿದೆ. ತುಂಬಾ ಬಂದಿದೆ. ಆವತ್ತು ನೀನು ಆ ಮಾತು ಆಡಬಾರದಿತ್ತು. ನಾನು ಕೇಳಿರಲಿಲ್ಲ. ನೀನಾಗಿ ಹೇಳಿದೆ, ನಾನು ನಂಬಿದೆ. ಈಗ ಸ್ವಲ್ಪ ದಿನ ನನ್ನನ್ನ ಮಾತಾಡಿಸಬೇಡ. ಊಟಕ್ಕೆ ಹಾಕ್ತೀನಿ, ತಿನ್ನು."

ಹಾಗೆಯೇ ನಡೆಯಿತು. ಅಕ್ಕ ಮಕ್ಕಳ ಜೊತೆ ಮಾತಾಡುತ್ತಿದ್ದಳು, ಭಾವನ ಜೊತೆ ಮಾತಾಡುತ್ತಿದ್ದಳು. ತಂಗಿಗೆ ತಟ್ಟೆ ತುಂಬ ಬಡಿಸುತ್ತಿದ್ದಳು, ಊದಿದ ಕಾಲಿಗೆ ಬಿಸಿನೀರು ತಂದಿಡುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಒಮ್ಮೆ ಸ್ನಾನದ ಕೋಣೆಯಲ್ಲಿ ನಲ್ಲಿ ಪೂರ್ತಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದು ಹೊರಬಂದಳು. ಮುಖ ತೊಳೆದುಕೊಂಡಿದ್ದಳು, ಆದರೂ ಗೊತ್ತಾಗುತ್ತಿತ್ತು. ತಂಗಿಗೆ ಆ ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಟಿಕೆಟ್ ಬದಲಾಯಿಸಿ ವಾಪಸು ಹೋಗೋಣವೆಂದರೆ ಏಳು ತಿಂಗಳು ತುಂಬಿದ ಮೇಲೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಭಾವ ಒಂದು ಮಧ್ಯಾಹ್ನ ತೊಟ್ಟಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದರ ತಿರುಪುಗಳನ್ನು ಪರೀಕ್ಷಿಸುತ್ತಿದ್ದ.

"ಕಾಲು ಬಿಚ್ಚಿದ್ರೆ ಚಪ್ಪಟೆ ಆಗುತ್ತೆ," ಎಂದ, ಯಾರನ್ನೂ ನೋಡದೆ. "ವಿಮಾನದಲ್ಲಿ ಹೋಗುತ್ತೆ. ವಿಚಾರಿಸಿದ್ದೀನಿ."

ಲೆಕ್ಕದಕ್ಕ ಅವನ ಮುಂದೆ ಅಳಬಾರದೆಂದು ಎದ್ದು ಅಡುಗೆಮನೆಗೆ ಹೋದಳು.

ಅಕ್ಕನ ರಜೆ ಮುಗಿದು ಕೆಲಸಕ್ಕೆ ಹೋಗುವ ದಿನ ಬಂತು. ಲಾಂಡ್ರಿಯ ದೊಡ್ಡ ಇಸ್ತ್ರಿ ಯಂತ್ರ ನೋಡಬೇಕೆಂದು ಮಗ ಹಟ ಹಿಡಿದಿದ್ದ, ಅದರಲ್ಲಿ ಬೇಕಾದಷ್ಟು ಗುಂಡಿಗಳಿವೆ ಎಂದು ಭಾವ ಹೇಳಿಬಿಟ್ಟಿದ್ದ. ಎಲ್ಲರೂ ಹೊರಟರು. ಅಕ್ಕ ಮುಂದೆ, ಮಕ್ಕಳು ಅವಳ ಎರಡು ಕೈಗಳಲ್ಲಿ, ತಂಗಿ ನಾಲ್ಕು ಹೆಜ್ಜೆ ಹಿಂದೆ. ರಸ್ತೆಯಲ್ಲಿ ಲಾರಿಗಳು ಬರುತ್ತಿದ್ದವು. ಅಕ್ಕ ಅಂಚಿನಲ್ಲಿ ನಿಂತು, ತಂಗಿ ಹತ್ತಿರ ಬರುವ ತನಕ ಕಾದಳು.

ಮಗಳ ತಲೆ ತಟ್ಟಿದಳು. "ಒಂದು."

ಮಗನ ತಲೆ ತಟ್ಟಿದಳು. "ಎರಡು."

ಆಮೇಲೆ ಅವಳ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಅಕ್ಕ ಅಂಗೈಯನ್ನು ಹಗುರವಾಗಿ ಅವಳ ಹೊಟ್ಟೆಗೆ ಮುಟ್ಟಿಸಿದಳು. "ಮೂರು," ಎಂದಳು. ಇಷ್ಟು ದಿನದಲ್ಲಿ ಅವಳು ಆ ಹೊಟ್ಟೆ ಮುಟ್ಟಿದ್ದು ಅದೇ ಮೊದಲು.

"ದೊಡ್ಡಮ್ಮಾ, ಅಮ್ಮನ್ನ ಬಿಟ್ಟೆ," ಎಂದಳು ಮಗಳು.

"ಬಿಟ್ಟಿಲ್ಲ. ನಡಿ."

ದಾಟಿದರು. ಆಚೆ ಬದಿಯಲ್ಲಿ ಅಕ್ಕ ಮತ್ತೆ ಎಲ್ಲರನ್ನೂ ನಿಲ್ಲಿಸಿದಳು. ಮಕ್ಕಳಿಬ್ಬರೂ ತಲೆ ಬಗ್ಗಿಸಿ ಕಾದರು. ಅಕ್ಕ ಅವರನ್ನು ದಾಟಿ ಬಂದು, ಕೈಯೆತ್ತಿ, ಚಿಕ್ಕಂದಿನ ಹಾಗೆಯೇ ಮೊದಲು ತಂಗಿಯ ತಲೆ ತಟ್ಟಿದಳು.

"ಒಂದು," ಎಂದಳು.